ಒಳಗೆ ಬಿಟ್ಟ ಬಟ್ಟೆ

ತರಬೇತಿಯ ಮೂರನೆಯ ದಿನ ನಾನು ಕ್ಷಯರೋಗದ ಲಕ್ಷಣಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಎರಡು ವಾರ ದಾಟಿದ ಕೆಮ್ಮು. ಸಂಜೆ ಹೊತ್ತು ಮೈ ಬೆಚ್ಚಗಾಗಿಸುವ ಸಣ್ಣ ಜ್ವರ. ಮಲಗಿದರೆ ಬೆವರು. ಊಟ ಸೇರದಿರುವುದು. ಕೊನೆಗೆ ‘ತೂಕ ಇಳಿಯುವುದು’ ಎಂದು ಬರೆದು ತಿರುಗಿದರೆ ಮೈಕಮ್ಮ ಕೈ ಎತ್ತಿದ್ದಳು.

“ಮೇಡಂ, ತೂಕ ಇಳಿದಿದ್ದು ಗೊತ್ತಾಗೋದಾದ್ರೂ ಹೇಗೆ? ನಮ್ಮ ಓಣೀಲಿ ತಕ್ಕಡಿ ಇರೋದು ಈರುಳ್ಳಿ ಅಂಗಡೀಲಿ ಒಂದೇ. ಅದರ ಮೇಲೆ ಕೂತ್ರೆ ಅವನು ನಮ್ಮನ್ನೇ ತೂಗಿ ಮಾರಿಬಿಡ್ತಾನೆ.”

ಕೋಣೆಯೆಲ್ಲ ನಕ್ಕಿತು. ಚಿಕಿತ್ಸಾಲಯದ ಮಹಡಿಯ ಮೇಲೆ ಔಷಧಿ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ ಬಿಡಿಸಿಕೊಂಡ ಜಾಗ ಅದು. ಚಾಪೆಗಳ ಮೇಲೆ ಹನ್ನೆರಡು ಹೆಂಗಸರು ಕೂತಿದ್ದರು. ಎಲ್ಲರೂ ಸುತ್ತಲಿನ ಓಣಿಗಳವರೇ. ತರಬೇತಿ ಮುಗಿದ ಮೇಲೆ ತಮ್ಮ ತಮ್ಮ ಓಣಿಯಲ್ಲಿ ಮನೆ ಮನೆ ಹತ್ತಿ, ಕೆಮ್ಮುವವರನ್ನು ಮಾತನಾಡಿಸಿ, ಕಫದ ಪರೀಕ್ಷೆಗೆ ಒಪ್ಪಿಸಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕಾದವರು. ಮೊಟ್ಟೆ ಮಾರುವ ಮೈಕಮ್ಮನ ಗಂಟಲು ಮೂರು ಓಣಿಗೆ ಕೇಳಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾಗಿ ಎಷ್ಟೋ ವರ್ಷವಾಗಿತ್ತು. ಚಿಕಿತ್ಸಾಲಯದ ಡಾಕ್ಟರಮ್ಮ ನನ್ನ ಹಳೆಯ ವಿದ್ಯಾರ್ಥಿನಿ. “ಮನೇಲಿ ಕೂತು ಕನ್ನಡಕ ಹುಡುಕೋ ಬದಲು ಇಲ್ಲಿಗೆ ಬನ್ನಿ ಮೇಡಂ” ಎಂದು ಎಳೆತಂದಿದ್ದಳು.

“ತಕ್ಕಡಿ ಬೇಕಾಗಿಲ್ಲ” ಎಂದೆ. “ಬಟ್ಟೆ ಕೇಳಿ. ಹೋದ ವರ್ಷ ಸರಿಯಾಗಿದ್ದ ಅಂಗಿ ಈ ವರ್ಷ ಮೈಮೇಲೆ ನಿಲ್ತಾ ಇದೆಯಾ, ಜೋಲಾಡ್ತಾ ಇದೆಯಾ ಅಂತ ಕೇಳಿ. ಬಟ್ಟೆ ಸುಳ್ಳು ಹೇಳಲ್ಲ.”

ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ಒಬ್ಬಳು ಮಾತ್ರ ಬರೆಯಲಿಲ್ಲ. ಅವಳ ಪೆನ್ಸಿಲು ಹಾಳೆಯ ಮೇಲೆ ಹಾಗೇ ನಿಂತಿತ್ತು. ಅವಳು ಟೇಪಕ್ಕ.

ಟೇಪಕ್ಕ ಮುಂದಿನ ಓಣಿಯ ದರ್ಜಿ. ಮನೆಯ ಜಗುಲಿಯ ಮೇಲೆ ಹೊಲಿಗೆ ಯಂತ್ರ, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಪಾಠಕ್ಕೆ ಬರುವಾಗಲೂ ತೆಗೆಯಲು ಮರೆತು ಬರುವಳು. ಮೊದಲ ದಿನವೇ ಚಿಕಿತ್ಸಾಲಯ ಕೊಟ್ಟ ಬಟ್ಟೆಯಲ್ಲಿ ಹನ್ನೆರಡು ಜನಕ್ಕೂ ಮೇಲಂಗಿ, ಹೆಗಲಚೀಲ ಹೊಲಿಯುವ ಹೊಣೆ ಅವಳಿಗೆ ಬಂತು. ಉಳಿದ ತುಂಡುಗಳನ್ನು ಸೇರಿಸಿ ನನಗೂ ಒಂದು ಚೀಲ ಹೊಲಿದುಕೊಟ್ಟಳು. ಕೇಳಿದವರಿಲ್ಲ, ಹೇಳಿದವರಿಲ್ಲ. ನನ್ನ ಹಳೆಯ ಚೀಲದ ಹಿಡಿಕೆ ಹರಿದಿದ್ದನ್ನು ನೋಡಿದ್ದಳಂತೆ.

ಆ ಮೊದಲ ದಿನ ಅವಳು ಅಳತೆ ತೆಗೆಯುವುದನ್ನು ನಾನು ನೋಡಿದೆ. ಟೇಪು ಸುತ್ತುವಳು, ಬಗ್ಗಿ ಅಂಕಿ ನೋಡುವಳು, ಬರೆದುಕೊಳ್ಳುವಳು. ಬಾಯಿ ಬಿಡುತ್ತಿರಲಿಲ್ಲ. ಅಳತೆ ಮುಗಿದದ್ದೇ ಮೈಕಮ್ಮ ಅಗಲಿಸಿದ್ದ ಕೈ ಇಳಿಸಿ, “ನಂದು ಎಷ್ಟು ಬಂತೇ?” ಎಂದು ಕೂಗಿದಳು.

“ನಿಮಗೆ ಸರಿಹೋಗುವಷ್ಟು” ಎಂದಳು ಟೇಪಕ್ಕ.

ಒಬ್ಬ ಹೆಂಗಸಿನ ಮೈಯಳತೆ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ಅವಳ ಕಸುಬಿನ ಪದ್ಧತಿ. ಇಪ್ಪತ್ತು ವರ್ಷದಿಂದ ಓಣಿಯಲ್ಲಿ ಯಾರ ಅಂಕಿಯೂ ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ರೋಗಿಯ ವಿಷಯವನ್ನು ಗುಟ್ಟಾಗಿ ಇಡಬೇಕು, ಸ್ವಂತ ಮನೆಯವರ ಹತ್ತಿರವೂ ಆಡಬಾರದು ಎಂದು ನಾನು ಎರಡನೆಯ ದಿನ ಅರ್ಧ ಗಂಟೆ ಕೊರೆದೆ. ಅವಳಿಗೆ ಆ ಪಾಠ ಬೇಕಾಗಿರಲಿಲ್ಲ.

ಮಾರನೆಯ ದಿನ ಟೇಪಕ್ಕ ಎಲ್ಲರಿಗಿಂತ ಮುಂಚೆ ಬಂದಳು. ಎದೆಗೆ ಒಂದು ಉದ್ದನೆಯ ಪುಸ್ತಕ ಒತ್ತಿಕೊಂಡಿದ್ದಳು. ಅದರ ಬೆನ್ನು ಹರಿದು, ಯಂತ್ರದ ದಾರದಲ್ಲೇ ಮತ್ತೆ ಹೊಲಿಸಿಕೊಂಡಿತ್ತು.

“ಇದು ನನ್ನ ಅಳತೆ ಪುಸ್ತಕ. ಇದುವರೆಗೂ ಯಾರಿಗೂ ತೋರಿಸಿಲ್ಲ.”

ತೆರೆದರೆ ಒಂದೇ ಒಂದು ಹೆಸರಿಲ್ಲ. ಪ್ರತಿ ಪುಟದ ತಲೆಯ ಮೇಲೆ ಪುಟ್ಟ ಚಿತ್ರ. ಕೆಳಗೆ ತಾರೀಕು, ಎದೆ, ಸೊಂಟ, ತೋಳು. ಒಂದು ಪುಟದಲ್ಲಿ ನಿದ್ದೆ ಮಾಡುವ ಬೆಕ್ಕು.

“ಇದು ಯಾರಮ್ಮ?”

“ಮೈಕಮ್ಮ. ಅಳತೆ ಕೊಡೋವಾಗ ಮಾತ್ರ ಅವಳು ಸುಮ್ಮನೆ ನಿಂತಿರ್ತಾಳೆ.” ನಗಬೇಕಾದ ಮಾತಿಗೆ ಅವಳು ನಗಲಿಲ್ಲ. ಹಾಳೆ ಮಗುಚಿ ಇನ್ನೊಂದು ಪುಟ ನನ್ನ ಮುಂದೆ ಇಟ್ಟಳು. ಅಲ್ಲಿದ್ದ ಚಿತ್ರ ಮೇಲಕ್ಕೆತ್ತಿದ ಒಂದು ಹುಬ್ಬು.

ಹುಬ್ಬಿನ ಕೆಳಗೆ ಎದೆಯ ಸಾಲಿನಲ್ಲಿ ಮೂರು ಅಂಕಿಗಳಿದ್ದವು. ಹೋದ ವರ್ಷದ್ದು ಮೂವತ್ತೆಂಟು. ಆರು ತಿಂಗಳ ಮೇಲೆ ಮೂವತ್ತಾರೂವರೆ. ಹೋದ ತಿಂಗಳು ಮೂವತ್ತನಾಲ್ಕೂವರೆ.

“ಇವರು ನನ್ನ ಬೀಗಿತ್ತಿ ಮೇಡಂ. ಹಿಂದಿನ ಓಣಿಯ ಇಸ್ತ್ರಿಯಮ್ಮ.”

ಟೇಪಕ್ಕನ ಮಗಳನ್ನು ಇಸ್ತ್ರಿಯಮ್ಮನ ಮಗನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಈ ಬೀಗಿತ್ತಿಯರು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಸುಸ್ತಾಗಿದ್ದರು. ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಕುರ್ಚಿಯ ತುದಿಯಲ್ಲೇ ಕೂರುವುದು, ಕೊಟ್ಟದ್ದರಲ್ಲಿ ಅರ್ಧ ಬಿಟ್ಟೇಳುವುದು.

“ಕೆಮ್ಮು ಇದೆಯಾ?”

“ಇದೆ. ಇಸ್ತ್ರಿಪೆಟ್ಟಿಗೆಯ ಇದ್ದಿಲ ಹೊಗೆ ಅಂತಾರೆ. ನಾನೂ ಇರಬಹುದು ಅಂತ ತಲೆ ಆಡಿಸಿದ್ದೆ.” ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಎರಡು ಸಲ ಅವರ ಅಂಗಿ ಹಿಡಿದು ಚಿಕ್ಕದು ಮಾಡಿಕೊಟ್ಟೆ ಮೇಡಂ. ಕೊಡೋವಾಗ ಏನಂದೆ ಗೊತ್ತಾ? ‘ಬೀಗಿತ್ತಿಯವ್ರೇ, ಮೊಮ್ಮಗಳು ಬಂದ ಮೇಲೆ ನೀವು ದಿನಾ ದಿನಾ ಹುಡುಗಿ ಆಗ್ತಾ ಇದೀರಿ’ ಅಂದೆ. ನಕ್ಕರು. ಅವರು ನನ್ನ ಮಾತಿಗೆ ನಗೋದೇ ಅಪರೂಪ. ಅದಕ್ಕೇ ಎರಡನೇ ಸಲವೂ ಅದನ್ನೇ ಹೇಳಿದೆ.”

ಕೆಳಗೆ ಚಿಕಿತ್ಸಾಲಯದ ಬಾಗಿಲು ತೆರೆಯುವ ಸದ್ದಾಯಿತು. ಅವಳು ದನಿ ತಗ್ಗಿಸಿದಳು.

“ಕೂಸಿಗೆ ಐದು ತಿಂಗಳು. ನನ್ನ ಮಗಳು ಬಿಸ್ಕತ್ತಿನ ಕಾರ್ಖಾನೇಲಿ ಬೆಳಗಿನ ಪಾಳಿ. ಕೂಸು ಹಗಲೆಲ್ಲ ಅವರ ಬೆನ್ನ ಮೇಲೆ, ಇಲ್ಲಾಂದ್ರೆ ಎದೆ ಮೇಲೇ ಮಲಗಿರುತ್ತೆ. ಅವರು ಕೆಮ್ಮೋದು ಅದರ ನೆತ್ತಿ ಮೇಲೆ.”

“ಹಾಗಾದರೆ ಈಗಲೇ ಹೋಗಿ ಹೇಳಬೇಕಲ್ಲ ತಾಯಿ.”

“ನಾನಾ? ಸೊಸೆಯ ತಾಯಿ ರೋಗದ ಹೆಸರು ಹಿಡ್ಕೊಂಡು ಮನೆ ಒಡೆಯೋಕೆ ಬಂದಳು ಅಂತಾರೆ. ಕೂಸನ್ನ ಎತ್ಕೊಂಡು ಹೋಗೋಕೆ ನೆಪ ಹುಡುಕಿದಳು ಅಂತಾರೆ. ನನ್ನ ಮಗಳು ಆ ಮನೇಲೇ ಬಾಳಬೇಕು. ನೀವು ಹೋಗಿ ಮೇಡಂ. ನೀವಾದ್ರೆ ದೊಡ್ಡವರು, ಓದಿದವರು. ನನ್ನ ಹೆಸರು ಬೇಡ.”

ಪಾಠ ಹೇಳುವವಳಿಗೆ ಪಾಠ ಬರುತ್ತದೆ ಎಂಬ ಧೈರ್ಯ ನನಗಿತ್ತು. ಅಂದೇ ಮಧ್ಯಾಹ್ನ ಹೊರಟೆ.

ಇಸ್ತ್ರಿಯಮ್ಮನದು ಓಣಿಗೆ ಬಾಗಿಲು ತೆರೆದ ಒಂದೇ ಕೋಣೆಯ ಅಂಗಡಿ, ಹಿಂದೆ ಮನೆ. ಬಾಗಿಲ ಬಳಿ ಡಬ್ಬಿಯಲ್ಲಿ ಇದ್ದಿಲು, ನಡುವೆ ಕಂಬಳಿ ಹೊದಿಸಿದ ಉದ್ದನೆಯ ಮೇಜು. ಕಿಟಕಿ ಒಂದಿತ್ತು, ಬಟ್ಟೆಯ ಗಂಟುಗಳು ಅದರ ಮೇಲಿನ ತುದಿಯವರೆಗೂ ಏರಿ ಬೆಳಕನ್ನು ಮುಚ್ಚಿದ್ದವು. ಆಕೆ ಎತ್ತರದ ಹೆಂಗಸು, ನೆಟ್ಟಗೆ ನಿಲ್ಲುವವರು. ಬೆನ್ನಿಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಕೂಸು ನಿದ್ದೆ ಹೋಗಿತ್ತು. ಇಸ್ತ್ರಿಪೆಟ್ಟಿಗೆ ಮುಂದೆ ಹೋದಾಗ ಆಕೆಯ ಮೈ ಬಾಗುತ್ತಿತ್ತು, ಕೂಸಿನ ತಲೆ ಮೆಲ್ಲಗೆ ತೂಗುತ್ತಿತ್ತು.

ನಾನು ಪುಸ್ತಕದಲ್ಲಿದ್ದಂತೆ ಎಲ್ಲ ಹೇಳಿದೆ. ರೋಗ ಗಾಳಿಯಲ್ಲಿ ಹೇಗೆ ಹರಡುತ್ತದೆ, ಪರೀಕ್ಷೆ ಎಷ್ಟು ಸುಲಭ, ಆರು ತಿಂಗಳ ಮಾತ್ರೆಯಿಂದ ಹೇಗೆ ವಾಸಿಯಾಗುತ್ತದೆ. ಆಕೆ ತಲೆ ಎತ್ತದೆ ಇಸ್ತ್ರಿ ಮಾಡುತ್ತಲೇ ಕೇಳಿದರು. ನಡುವೆ ಎರಡು ಸಲ ಪಕ್ಕಕ್ಕೆ ತಿರುಗಿ ಕೆಮ್ಮಿದರು.

“ನಿಮ್ಮ ಕರವಸ್ತ್ರ ಕೊಡಿ” ಎಂದರು.

ನಾನು ಬೆವರು ಒರೆಸಿಕೊಂಡು ಮುದುಡಿ ಹಿಡಿದಿದ್ದೆ. ಕೊಟ್ಟೆ. ಆಕೆ ನೀರು ಚಿಮುಕಿಸಿ, ಒತ್ತಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಇಟ್ಟರು. ಬೆಚ್ಚಗಿತ್ತು. ಆಗ ಆಕೆಯ ಕಣ್ಣು ನನ್ನ ಹೆಗಲಚೀಲದ ಮೂಲೆಗೆ ಬಿತ್ತು. ಒಂದು ಹುಬ್ಬು ಮೇಲೆ ಹೋಯಿತು.

“ಮೂಲೇಲಿ ಹೊಲಿಗೆ ಎರಡು ಸಲ ಹಿಂದಕ್ಕೂ ಮುಂದಕ್ಕೂ ಓಡಿದೆ. ಈ ಊರಲ್ಲಿ ಹಾಗೆ ಹೊಲಿಯೋರು ಒಬ್ಬರೇ. ಬೀಗಿತ್ತಿಯವರು ಆರೋಗ್ಯವಾಗಿದ್ದಾರಾ?”

ನನಗೆ ಸುಳ್ಳು ಬರುವುದಿಲ್ಲ. ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ.

“ನನಗೆ ಇರೋದು ಹೊಗೆ ಕೆಮ್ಮು” ಎಂದರು ಆಕೆ, ಅಷ್ಟೇ ಮೆತ್ತಗೆ. “ಬಿಸಿಲಲ್ಲಿ ಬಂದಿದೀರಿ, ನೀರು ಕುಡಿದು ಹೋಗಿ.”

ನೀರು ಕುಡಿದು ಎದ್ದು ಬಂದೆ.

ಮಾರನೆಯ ದಿನ ಪಾಠದ ನಡುವೆಯೇ ಟೇಪಕ್ಕನ ಮಗಳು ಮೆಟ್ಟಿಲು ಹತ್ತಿ ಬಂದಳು. ಕಾರ್ಖಾನೆಯ ಟೊಪ್ಪಿಗೆ ಇನ್ನೂ ತಲೆಯ ಮೇಲೆಯೇ ಇತ್ತು. ಕೈಯಲ್ಲಿ ಕಾಗದ ಸುತ್ತಿದ ಕಟ್ಟು. ತಾಯಿಯನ್ನು ಹೊರಗೆ ಕರೆದಳು. ಬಾಗಿಲು ಅರ್ಧ ತೆರೆದಿದ್ದರಿಂದ ನನಗೆ ಮಾತು ಕೇಳಿಸಿತು.

“ಅತ್ತೆ ಹೊಸ ಅಂಗಿಗೆ ಅಂತ ಕೊಟ್ಟಿದ್ದ ನೀಲಿ ಬಟ್ಟೆ ಅಮ್ಮ ಇದು. ನಿನ್ನ ಮನೆಯಿಂದ ವಾಪಸ್ಸು ತರಿಸಿಕೊಂಡು, ‘ಇದನ್ನ ನೀನೇ ಇಟ್ಕೊ, ಇನ್ನು ನನಗೆ ಅಳತೆ ಬೇಡ’ ಅಂದರು. ರಾತ್ರಿಯಿಂದ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ. ಏನಮ್ಮ ಮಾಡಿದೆ ನೀನು?”

ಟೇಪಕ್ಕ ಬಾಗಿಲು ಎಳೆದುಕೊಳ್ಳಲು ನೋಡಿದಳು.

“ಹೇಳಮ್ಮ! ನಾನು ಆ ಮನೇಲಿರೋಳು.”

“ಹೇಳೋ ಹಾಗಿಲ್ಲ ಮಗಳೇ” ಎಂದಳು. ಅವಳ ದನಿ ನನಗೆ ಗುರುತು ಸಿಗಲಿಲ್ಲ. “ಎರಡು ದಿನ ಕೊಡು.”

ಆ ಕ್ಷಣ ನಾನು ಕಲಿಸಿದ ನಿಯಮ ನನಗೇ ಭಾರವಾಯಿತು. ಸ್ವಂತ ಮಗಳು, ಅದೇ ಮನೆಯಲ್ಲಿ ಅವಳ ಕೂಸು. ಒಂದು ಮಾತು ಆಡಿದ್ದರೆ ಹುಡುಗಿ ಅಂದೇ ಕೂಸನ್ನು ಎತ್ತಿಕೊಂಡು ತಾಯಿಯ ಮನೆಗೆ ಬಂದುಬಿಡುತ್ತಿದ್ದಳು. ಆಮೇಲೆ ಇಸ್ತ್ರಿಯಮ್ಮ ಯಾರಿಗೂ ಬಾಗಿಲು ತೆರೆಯುತ್ತಿರಲಿಲ್ಲ, ಇದ್ದಿಲ ಹೊಗೆಯ ಕೆಮ್ಮು ಎನ್ನುತ್ತಲೇ ಮುಗಿದುಹೋಗುತ್ತಿದ್ದರು. ಟೇಪಕ್ಕನಿಗೆ ಇಬ್ಬರೂ ಬೇಕಾಗಿತ್ತು.

ಅವಳು ಒಳಗೆ ಬಂದು ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿದ್ದ ಮೈಕಮ್ಮ ಏನೂ ಕೇಳಲಿಲ್ಲ. ಬಾಯಿಗೆ ಬೀಗವಿಲ್ಲದ ಮೈಕಮ್ಮ! ತನ್ನ ಚಹಾದ ಲೋಟವನ್ನು ಅವಳ ಕೈಗೆ ಇಟ್ಟು ಹಲಗೆಯತ್ತ ತಿರುಗಿ ಕೂತಳು, ಅಷ್ಟೆ. ಆ ಹೊತ್ತಿಗೆ ಅವಳೂ ನನ್ನ ಪಾಠ ಕಲಿತಿದ್ದಳು ಅನ್ನಿಸಿತು.

ಪಾಠ ಮುಗಿದ ಮೇಲೆ ನಾನು ಟೇಪಕ್ಕನ ಹತ್ತಿರ ಹೋದೆ. “ತಪ್ಪು ನನ್ನದು ಕಣಮ್ಮ. ನಾಳೆ ಮತ್ತೆ ಹೋಗ್ತೀನಿ.”

“ಬೇಡ ಮೇಡಂ. ನೀವು ರೋಗದ ಪಾಠ ಹೇಳಿದಿರಿ. ಅವರಿಗೆ ರೋಗ ಗೊತ್ತಿಲ್ಲ, ಬಟ್ಟೆ ಗೊತ್ತು. ನಾನೇ ಹೋಗಬೇಕು.” ಸ್ವಲ್ಪ ತಡೆದು, “ನೀವು ಜೊತೆಗೆ ಬನ್ನಿ. ಮಾತಾಡಬೇಡಿ” ಎಂದಳು.

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಹೇಳಿದ ಮಾತನ್ನು ನನಗೆ ಹೇಳಿದವಳು ಅವಳೊಬ್ಬಳೇ.

ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೋದೆವು. ಟೇಪಕ್ಕನ ಮಗಳು ನಲ್ಲಿಯ ಬಳಿ ಬಟ್ಟೆ ಒಗೆಯಲು ಹೋಗಿದ್ದಳು. ಕೂಸು ಅಜ್ಜಿಯ ಬೆನ್ನ ಮೇಲೆ ಎಚ್ಚರವಾಗಿತ್ತು, ನಮ್ಮನ್ನು ನೋಡಿ ಕಾಲು ಒದೆಯಿತು. ಇಸ್ತ್ರಿಯಮ್ಮ ಕುರ್ಚಿ ತೋರಿಸಿದರು. ಟೇಪಕ್ಕ ಕೂರಲಿಲ್ಲ.

“ಬೀಗಿತ್ತಿಯವ್ರೇ, ನಾನು ಹಿಡಿದುಕೊಟ್ಟ ನಿಮ್ಮ ಅಂಗಿ ಒಂದು ಸಲ ಕೊಡ್ತೀರಾ?”

“ಯಾಕೆ? ಅದಕ್ಕೇನಾಗಿದೆ?”

“ಅದಕ್ಕೇನೂ ಆಗಿಲ್ಲ.”

ಹುಬ್ಬು ಏರಿತು. ಆದರೂ ಗೂಟದಿಂದ ಅಂಗಿ ತೆಗೆದುಕೊಟ್ಟರು. ಟೇಪಕ್ಕ ಅದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಒಳಗನ್ನು ಹೊರಗೆ ಮಾಡಿದಳು. ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಮಡಿಚಿ ನಿಂತಿತ್ತು. ಅದರ ಮೇಲೆ ಮೂರು ಸಾಲು ದಾರ.

“ಇದು ಹೋದ ವರ್ಷದ ಹೊಲಿಗೆ” ಎಂದು ಅಂಚಿನ ಸಾಲಿನ ಮೇಲೆ ಬೆರಳಿಟ್ಟಳು. “ಇದು ಆರು ತಿಂಗಳ ಮೇಲೆ ಹಿಡಿದಿದ್ದು. ಇದು ಹೋದ ತಿಂಗಳದ್ದು. ಈ ಸಾಲಿಂದ ಈ ಸಾಲಿಗೆ ಬರೋದರಲ್ಲಿ ನೀವು ಎಷ್ಟು ಕರಗಿದೀರಿ ನೋಡಿ. ನಾನು ನೋಡಲಿಲ್ಲ. ನನ್ನ ಕೈಯಾರೆ ಒಳಗೆ ಮಡಿಚಿ, ಮೇಲೆ ಚೆಂದ ಕಾಣೋ ಹಾಗೆ ಮಾಡಿ, ಹುಡುಗಿ ಆಗ್ತಾ ಇದೀರಿ ಅಂತ ತಮಾಷೆ ಮಾಡಿದೆ. ದರ್ಜಿ ಅಲ್ವಾ, ಬಟ್ಟೆ ಮೈಗೆ ಕೂತ್ರೆ ಸಾಕು ಅಂದ್ಕೊಂಡೆ. ನನ್ನ ತಪ್ಪಿಗೆ ನನ್ನನ್ನ ಬೈಯಿರಿ. ಮೇಡಮ್ಮನ್ನ ಕಳಿಸಿದ್ದಕ್ಕೂ ಬೈಯಿರಿ, ನನಗೆ ಬರೋಕೆ ಧೈರ್ಯ ಇರಲಿಲ್ಲ. ಆದ್ರೆ ಒಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಿ.”

ಇಸ್ತ್ರಿಯಮ್ಮ ಬಹಳ ಹೊತ್ತು ಆ ಮೂರು ಸಾಲುಗಳನ್ನು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

“ನನಗೆ ಗೊತ್ತಿತ್ತು” ಎಂದರು.

ಅಂಗಿಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

“ವಾರಾ ವಾರಾ ಇದನ್ನ ಇಸ್ತ್ರಿ ಮಾಡೋಳು ನಾನೇ ಅಲ್ವಾ? ಪಕ್ಕದ ಹೊಲಿಗೆ ಬಂದಾಗ ಪೆಟ್ಟಿಗೆ ಎಡವುತ್ತೆ. ಮೊದಲು ಒಂದು ಮಡಿಕೆ, ಆಮೇಲೆ ದಪ್ಪ. ಬೇರೆಯವರಾಗಿದ್ರೆ ಕತ್ತರಿಸಿ ಬಿಸಾಕ್ತಿದ್ರು. ನೀವು ಯಾಕೆ ಕತ್ತರಿಸಲಿಲ್ಲ?”

“ಮತ್ತೆ ಬೇಕಾಗುತ್ತಲ್ಲ” ಎಂದಳು ಟೇಪಕ್ಕ. “ನೀವು ಮೈ ತುಂಬಿಕೊಂಡಾಗ ಬಿಚ್ಚೋದಕ್ಕೆ ಬಟ್ಟೆ ಇರಬೇಕಲ್ಲ.”

ಇಸ್ತ್ರಿಯಮ್ಮ ಮೇಜಿನ ಅಂಚು ಹಿಡಿದುಕೊಂಡರು. ಬೆನ್ನ ಮೇಲಿನ ಕೂಸು ಅವರ ಕೂದಲು ಎಳೆಯುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

“ಪರೀಕ್ಷೇಲಿ ಅದೇ ಅಂತ ಬಂದ್ರೆ, ಇವಳನ್ನ ಕರಕೊಂಡು ಹೋಗಿಬಿಡ್ತೀರಿ” ಎಂದರು. “ಅದಕ್ಕೇ ಸುಮ್ಮನಿದ್ದೆ. ಬೇರೇನೂ ಇಲ್ಲ. ಸಾಯೋದಕ್ಕೆ ನಾನು ಹೆದರಲ್ಲ, ಇವಳು ಇಲ್ಲದೆ ಇಡೀ ದಿನ ಇಲ್ಲಿ ನಿಂತಿರೋದಕ್ಕೆ ಹೆದರ್ತೀನಿ.”

ಟೇಪಕ್ಕ ನನ್ನ ಕಡೆ ನೋಡಿದಳು. ಡಾಕ್ಟರು ಹೇಳಬೇಕಾದ ಮಾತನ್ನು ನೀವು ಭರವಸೆಯಾಗಿ ಕೊಡಬೇಡಿ ಎಂದು ನಾನೇ ಕಲಿಸಿದ್ದೆ. ಕೂಸನ್ನು ಎಲ್ಲಿಗೂ ಒಯ್ಯುವುದಿಲ್ಲ ಎಂದುಬಿಟ್ಟರೆ ಕೆಲಸ ಸಲೀಸು. ನಾನು ಅವಳ ಜಾಗದಲ್ಲಿದ್ದರೆ ಹೇಳಿಬಿಡುತ್ತಿದ್ದೆನೇನೋ.

“ಅದೇ ಅಂತ ಬಂದ್ರೆ ಕೆಲವು ವಾರ ಅವಳನ್ನ ನಿಮ್ಮ ಮೈಮೇಲೆ ಮಲಗಿಸೋ ಹಾಗಿಲ್ಲ” ಎಂದಳು ಟೇಪಕ್ಕ. “ಇದು ನಿಜ, ಬಚ್ಚಿಡಲ್ಲ. ಹಗಲು ಹೊತ್ತು ನನ್ನ ಹತ್ರ ಇರ್ತಾಳೆ. ಸಂಜೆ ಅವಳಮ್ಮನ ಜೊತೆ ಇದೇ ಮನೆಗೆ ಬರ್ತಾಳೆ. ಅವರು ಹಿಂದಿನ ಕೋಣೇಲಿ, ನೀವು ಕಿಟಕಿ ತೆಗೆದು ಇಲ್ಲಿ. ಆಮೇಲೆ ಇನ್ನು ಪರವಾಗಿಲ್ಲ ಅಂತ ಡಾಕ್ಟರಮ್ಮ ಯಾವತ್ತು ಹೇಳ್ತಾರೋ ಅವತ್ತು ನಾನೇ ತಂದು ನಿಮ್ಮ ಬೆನ್ನಿಗೆ ಕಟ್ತೀನಿ. ಒಂದು ದಿನ ಹೆಚ್ಚು ಇಟ್ಕೊಳ್ಳಲ್ಲ. ಅಳತೆಯಲ್ಲಿ ನಾನು ಯಾವತ್ತಾದ್ರೂ ಮೋಸ ಮಾಡಿದೀನಾ?”

“ಇಲ್ಲ” ಎಂದರು ಇಸ್ತ್ರಿಯಮ್ಮ.

ಆಮೇಲೆ ಬೆನ್ನಿನ ಗಂಟು ಬಿಚ್ಚಿ ಕೂಸನ್ನು ಟೇಪಕ್ಕನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಅದರ ಒಂದು ಕಾಲನ್ನು ಹಿಡಿದುಕೊಂಡೇ ಇದ್ದರು.

ಮರುದಿನ ಬೆಳಿಗ್ಗೆ ಕಫ ಕೊಡುವ ಕೆಲಸ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ, ಗಾಳಿ ಬರುವ ಕಡೆ ಇಸ್ತ್ರಿಯಮ್ಮ ನಿಂತಿದ್ದರು. ಕೈಯಲ್ಲಿ ಚಿಕಿತ್ಸಾಲಯದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಟೇಪಕ್ಕ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ನಾಲ್ಕು ಹೆಜ್ಜೆ ದೂರ. ನಾನು ಇನ್ನೂ ದೂರ, ಬಾಗಿಲಲ್ಲಿ. ಇಸ್ತ್ರಿಯಮ್ಮ ಆ ಕಡೆ ತಿರುಗಿ, ಯಾರಿಗೂ ಕೇಳಿಸದಂತೆ, ಬಹಳ ಮರ್ಯಾದೆಯಿಂದ ಏನೋ ಉಗುಳಿದರು.

ಟೇಪಕ್ಕ ಇಣುಕಿದಳು. “ಬೀಗಿತ್ತಿಯವ್ರೇ, ತಪ್ಪು ತಿಳ್ಕೋಬೇಡಿ. ಇದು ಎಂಜಲು.”

“ಮತ್ತೇನು ಬೇಕಿತ್ತು ನಿಮಗೆ?”

“ಕಫ ಬೇಕಿತ್ತು. ದಯವಿಟ್ಟು ಎದೆಯ ಆಳದಿಂದ ಬರಬೇಕು. ದೊಡ್ಡದಾಗಿ ಉಸಿರೆಳೆದು, ಸ್ವಲ್ಪ ತಡೆದು, ಜೋರಾಗಿ ಕೆಮ್ಮಬೇಕು.”

“ನಿಮ್ಮೆದುರಿಗೆ?”

“ನಾನು ತಿರುಗಿ ನಿಲ್ತೀನಿ.”

“ಬೀಗರ ಮುಂದೆ ಕ್ಯಾಕರಿಸೋ ಕಾಲ ಬಂತಲ್ಲಪ್ಪಾ” ಎಂದು ಗೊಣಗಿ ಇಸ್ತ್ರಿಯಮ್ಮ ಉಸಿರೆಳೆದರು. ಟೇಪಕ್ಕ ಬೆನ್ನು ತಿರುಗಿಸಿ ನಿಂತು, “ಇನ್ನೂ ಆಳದಿಂದ, ಇನ್ನೂ ಸ್ವಲ್ಪ, ಹಾಂ, ಬರಲಿ, ಸಂಕೋಚ ಮಾಡ್ಕೋಬೇಡಿ” ಎಂದು ಹುರಿದುಂಬಿಸಿದಳು. ಬಂತು. ಡಬ್ಬಿಯ ಮುಚ್ಚಳ ತಿರುಗಿಸುತ್ತ ಇಸ್ತ್ರಿಯಮ್ಮ ಸುಸ್ತಾಗಿ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡರು. ನೋಡಿದರೆ ನಗುತ್ತಿದ್ದರು. ಟೇಪಕ್ಕನ ಹೆಗಲೂ ಅಲುಗುತ್ತಿತ್ತು. ಎರಡು ವರ್ಷದ ಮರ್ಯಾದೆಯೆಲ್ಲ ಆ ಡಬ್ಬಿಯೊಳಗೆ ಹೋಗಿ ಕೂತಿತ್ತು.

ಎರಡು ದಿನದ ಮೇಲೆ ಫಲಿತಾಂಶ ಬಂತು. ಅದೇ ಆಗಿತ್ತು. ಮಗ ಸೊಸೆಗೆ ಇಸ್ತ್ರಿಯಮ್ಮನೇ ಹೇಳಿದರು. ಹುಡುಗಿ ತಾಯಿಯ ಹತ್ತಿರ ಓಡಿಬಂದು ಮೊದಲು ಜಗಳವಾಡಿದಳು, ಆಮೇಲೆ ತಬ್ಬಿಕೊಂಡು ಅತ್ತಳು. ಡಾಕ್ಟರಮ್ಮ ಮನೆಯವರನ್ನೆಲ್ಲ ಕರೆಸಿ ಪರೀಕ್ಷೆ ಮಾಡಿದಳು. ಯಾರಿಗೂ ರೋಗ ಅಂಟಿರಲಿಲ್ಲ. ಕೂಸಿಗೆ ಮುನ್ನೆಚ್ಚರಿಕೆಯ ಔಷಧಿ ಬರೆದುಕೊಟ್ಟಳು. ಮೈಕಮ್ಮ ಯಾರೂ ಹೇಳದೆಯೇ ಬಂದು, ಯಾಕೆ ಏನು ಎಂದು ಕೇಳದೆ, ಕಿಟಕಿಗೆ ಒರಗಿಸಿದ್ದ ಗಂಟುಗಳನ್ನು ಹೊತ್ತು ಇನ್ನೊಂದು ಗೋಡೆಗೆ ಸಾಗಿಸಿಕೊಟ್ಟಳು. ಅಂಗಡಿಯೊಳಗೆ ಬೆಳಕು ಬಂತು. ಪುಸ್ತಕದಲ್ಲಿ ಅಳತೆ ಇಳಿದಿದ್ದ ಇನ್ನೂ ಇಬ್ಬರು ಹೆಂಗಸರಿಗೂ ಟೇಪಕ್ಕ ಪರೀಕ್ಷೆ ಮಾಡಿಸಿದಳು. ಇಬ್ಬರಿಗೂ ಕ್ಷಯವಿರಲಿಲ್ಲ. ಒಬ್ಬಳಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬಳಿಗೆ ಬರೀ ದುಡಿತ.

ದಿನಾ ಬೆಳಿಗ್ಗೆ ಟೇಪಕ್ಕ ಹೋಗಿ ಬೀಗಿತ್ತಿ ಮಾತ್ರೆ ನುಂಗುವುದನ್ನು ನೋಡಿ, ಕೂಸನ್ನು ಎತ್ತಿಕೊಂಡು ಬರುವಳು. ಮಧ್ಯಾಹ್ನ ಕೂಸಿನೊಂದಿಗೆ ಮತ್ತೆ ಆ ಓಣಿಗೆ ಹೋಗುವಳು. ಅಂಗಡಿಯ ಮುಂದೆ ಬಯಲಲ್ಲಿ ಟೇಪು ಹಿಡಿದು ಎರಡು ಟೇಪು ದೂರ ಅಳೆದು, ದರ್ಜಿಯ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ ಗೆರೆ ಎಳೆದಿದ್ದಳು. ಗೆರೆಯ ಈಚೆ ಟೇಪಕ್ಕ ಕೂಸನ್ನು ಕುಣಿಸುತ್ತ ನಿಲ್ಲುವಳು. ಆಚೆ ಇಸ್ತ್ರಿಯಮ್ಮ ಮಾಸ್ಕಿನ ಮೇಲೆ ಹುಬ್ಬು ಏರಿಸಿ ಇಳಿಸಿ ಆಟವಾಡಿಸುವರು. ಕೂಸು ಕೇಕೆ ಹಾಕುತ್ತಿತ್ತು. ಆ ಹುಬ್ಬು ಅದಕ್ಕೊಂದು ಆಟಿಕೆಯಾಗಿತ್ತು. ದಾರಿಹೋಕರು ಗೆರೆ ಯಾಕೆ ಎಂದರೆ ಟೇಪಕ್ಕ, “ಬೀಗರ ನಡುವೆ ಇಷ್ಟಾದ್ರೂ ದೂರ ಬೇಡ್ವಾ?” ಎಂದುಬಿಡುವಳು.

ಡಾಕ್ಟರಮ್ಮ ಇನ್ನು ಪರವಾಗಿಲ್ಲ ಎಂದ ದಿನ ನಾನು ಚಿಕಿತ್ಸಾಲಯದಲ್ಲೇ ಇದ್ದೆ. ಟೇಪಕ್ಕ ಹೊಲಿಗೆ ಅರ್ಧಕ್ಕೆ ಬಿಟ್ಟು, ಕೂಸನ್ನು ಎತ್ತಿಕೊಂಡು ಬೀಗಿತ್ತಿಯ ಮನೆಗೆ ಓಡಿದಳಂತೆ. ಅವಳ ಯಂತ್ರದ ಸೂಜಿ ಯಾರದೋ ತೋಳಿನ ನಡುವೆ ನಿಂತಿದ್ದನ್ನು ಸಂಜೆ ಮನೆಗೆ ಹೋಗುವಾಗ ನಾನೇ ನೋಡಿದೆ.

ಆರನೆಯ ತಿಂಗಳು. ಮಾತ್ರೆಗಳು ಮುಗಿಯುತ್ತ ಬಂದಿದ್ದವು. ಹೊಸ ಗುಂಪಿನ ತರಬೇತಿಗೆ ಟೇಪಕ್ಕನನ್ನು ಕರೆಯಲು ನಾನು ಅವಳ ಜಗುಲಿಗೆ ಹೋಗಿದ್ದೆ. ಇಸ್ತ್ರಿಯಮ್ಮ ಅಲ್ಲಿಗೆ ಬಂದರು. ಬೆನ್ನ ಮೇಲೆ ಕೂಸು, ಕಂಕುಳಲ್ಲಿ ಸೊಸೆಯಿಂದ ವಾಪಸ್ಸು ಪಡೆದ ಆ ನೀಲಿ ಬಟ್ಟೆಯ ಕಟ್ಟು.

“ಬಟ್ಟೆ ಹಾಗೇ ಇದೆ. ಹೊಲಿದುಕೊಡ್ತೀರಾ?” ಎಂದರು. “ಹಳೇದರಲ್ಲಿ ಎರಡು ಹೊಲಿಗೆ ನಾನೇ ಬಿಚ್ಚಿದೆ. ಗೆರೆ ಉಳಕೊಂಡಿದೆ. ಎಷ್ಟು ಒತ್ತಿದ್ರೂ ಹೋಗ್ತಿಲ್ಲ, ಇರಲಿ ಅಂತ ಬಿಟ್ಟಿದೀನಿ.”

ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ, ಕೈ ಅಗಲಿಸಿ ನಿಂತರು. ಟೇಪಕ್ಕ ಟೇಪು ಸುತ್ತಿದಳು. ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ಪುಸ್ತಕ ತೆಗೆದು, ಹುಬ್ಬಿನ ಪುಟ ಹುಡುಕಿ, ಪೆನ್ಸಿಲು ನಾಲಿಗೆಗೆ ತಾಗಿಸಿ, ಎಂದಿನಂತೆ ಬಾಯಿ ಮುಚ್ಚಿಕೊಂಡು ಬರೆಯತೊಡಗಿದಳು.

“ಎಷ್ಟು?” ಎಂದರು ಇಸ್ತ್ರಿಯಮ್ಮ.

“ಸರಿಹೋಗುವಷ್ಟು.”

“ನನ್ನ ಅಳತೆ ನನ್ನದು ತಾನೇ? ನಾನು ಹೇಳ್ತಿದೀನಿ. ಎಲ್ಲರಿಗೂ ಕೇಳಿಸಲಿ. ಎಷ್ಟು?”

ಓಣಿಯಲ್ಲಿ ಜನ ಓಡಾಡುತ್ತಿದ್ದರು. ನಲ್ಲಿಯ ಬಳಿ ಸಾಲಿತ್ತು. ಆಚೆ ಮೈಕಮ್ಮ ಮೊಟ್ಟೆಯ ಬುಟ್ಟಿ ಇಳಿಸುತ್ತಿದ್ದಳು. ಟೇಪಕ್ಕ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡಳು. ಇಪ್ಪತ್ತು ವರ್ಷ ಕಾಪಾಡಿದ ಬಾಯಿ ತೆರೆಯಲು ಒದ್ದಾಡುತ್ತಿತ್ತು.

“ಮೂವತ್ತೇಳು” ಎಂದಳು, ಪಿಸುದನಿಯಲ್ಲಿ.

“ಕೇಳಿಸಲಿಲ್ಲ ಬೀಗಿತ್ತಿಯವ್ರೇ. ಎದೆಯ ಆಳದಿಂದ ಬರಲಿ. ಸಂಕೋಚ ಮಾಡ್ಕೋಬೇಡಿ.”

ಟೇಪಕ್ಕ ದೊಡ್ಡದಾಗಿ ಉಸಿರೆಳೆದಳು.

“ಮೂವತ್ತೇಳೂ!”

ನಲ್ಲಿಯ ಸಾಲು ತಿರುಗಿ ನೋಡಿತು. ಮೈಕಮ್ಮ ಬುಟ್ಟಿಯಿಂದ ತಲೆಯೆತ್ತಿ, ಏನು ಎತ್ತ ಕೇಳದೆ, ಆ ಅಂಕಿಯನ್ನು ತನ್ನ ಗಂಟಲಲ್ಲಿ ಓಣಿಯ ಕೊನೆಯವರೆಗೂ ಕೂಗಿ ಕಳಿಸಿದಳು. ನನ್ನ ತೊಡೆಯ ಮೇಲಿನ ಕೂಸು ಬೆಚ್ಚಿಬಿದ್ದು, ಅಳಬೇಕೋ ನಗಬೇಕೋ ತಿಳಿಯದೆ, ಮೊದಲು ಅಜ್ಜಿಯ ಹುಬ್ಬಿನ ಕಡೆಗೆ ನೋಡಿತು.